ಮೊದಲರ್ಧ 17ನೇ ಶತಮಾನದ ಕಾನ್ವೆಂಟು, ಎರಡನೇ ಅರ್ಧ ರಕ್ತಪಿಶಾಚಿ ಕೌಂಟ್: ಈ ಬೆಲ್ಲೋಕಿಯೊ ಸಿನಿಮಾದ ಎರಡು ತುಂಡಿಗೂ ಏನ್ ಸಂಬಂಧ?

ಕತ್ತಲಕೋಣೆ
ಮಾರ್ಕೋ ಬೆಲ್ಲೋಕಿಯೊ ಅವರ 2015ರ 'ಬ್ಲಡ್ ಆಫ್ ಮೈ ಬ್ಲಡ್' ಇಲ್ಲಿ ಯಾರಾದ್ರೂ ನೋಡಿದೀರಾ? ಇಟಲಿಯವರದ್ದು, ಆ ವರ್ಷ ವೆನಿಸ್ ಸ್ಪರ್ಧೆಯಲ್ಲಿತ್ತು, ಆಮೇಲೆ ಅದರ ಬಗ್ಗೆ ಯಾರೂ ಮಾತಾಡಿದ್ದೇ ಕಾಣೆ. ನೋಡದೇ ಇರೋರಿಗೆ ಕಥೆ ಚಿಕ್ಕದಾಗಿ ಹೇಳ್ತೀನಿ, ಕೊನೆ ಗೊತ್ತಾಗ್ಬಾರದು ಅನ್ನೋರು ಇಲ್ಲಿಗೇ ನಿಲ್ಸಿ.

17ನೇ ಶತಮಾನ. ಇಟಲಿಯ ಬೊಬ್ಬಿಯೋ ಅನ್ನೋ ಊರಿನ ಕಾನ್ವೆಂಟಲ್ಲಿ, ಅಂದ್ರೆ ಸನ್ಯಾಸಿನಿಯರ ಮಠದಲ್ಲಿ, ಬೆನೆದೆತ್ತಾ ಅನ್ನೋ ಸನ್ಯಾಸಿನಿನ ಕೂಡಿ ಹಾಕಿದಾರೆ. ಅವಳ ಮೋಹಕ್ಕೆ ಬಿದ್ದ ಒಬ್ಬ ಪಾದ್ರಿ ಆತ್ಮಹತ್ಯೆ ಮಾಡ್ಕೊಂಡಿದಾನೆ. ಅವನ ಅವಳಿ ಅಣ್ತಮ್ಮ ಫೆದೆರಿಕೋ ಮಾಯಿ, ಸೈನಿಕ, ಕತ್ತಿ ಬೂಟು ಎಲ್ಲ ಹಾಕ್ಕೊಂಡು ಅಲ್ಲಿಗೆ ಬರ್ತಾನೆ. ಬರೋ ಕಾರಣ ಅಮ್ಮ. ಆ ಹೆಣ್ಣು ಸೈತಾನನ ಜೊತೆ ಸೇರಿದ್ಲು ಅಂತ ಒಪ್ಕೊಂಡ್ರೆ ಸತ್ತ ಮಗನದ್ದು ತಪ್ಪಿಲ್ಲ ಅಂತಾಗುತ್ತೆ, ಆತ್ಮಹತ್ಯೆ ಮಾಡ್ಕೊಂಡೋರಿಗೆ ಸಿಗದ ಚರ್ಚಿನ ಪವಿತ್ರ ನೆಲದಲ್ಲಿ ಅವನ್ನ ಹೂಳೋಕೆ ಜಾಗ ಸಿಗುತ್ತೆ. ಅವಳು ಒಪ್ಪಲ್ಲ. ಕಣ್ಣೀರು, ನೀರು, ಬೆಂಕಿ ಅಂತ ಒಂದೊಂದೇ ಪರೀಕ್ಷೆ ಮಾಡ್ತಾರೆ, ಕೊನೆಗೆ ಜೀವಂತ ಇರೋ ಹಾಗೇ ಗೋಡೆ ಕಟ್ಟಿ ಒಳಗಿಟ್ಟುಬಿಡ್ತಾರೆ.

ಅಷ್ಟರಲ್ಲಿ ಅದೇ ಬಾಗಿಲು ತಟ್ಟೋ ಸದ್ದು, ನೋಡಿದ್ರೆ ಈಗಿನ ಕಾಲ! ಅದೇ ನಟ, ಅದೇ ಹೆಸರು, ಈ ಸಲ ಸರ್ಕಾರಿ ಇನ್ಸ್ಪೆಕ್ಟರ್ ಅಂತ ಹೇಳ್ಕೊಂಡು ಒಬ್ಬ ರಷ್ಯನ್ ಶ್ರೀಮಂತನ್ನ ಕರ್ಕೊಂಡು ಆ ಕಟ್ಟಡ ಮಾರ್ಸೋಕೆ ಬಂದಿದಾನೆ. ಒಳಗಡೆ ನೋಡಿದ್ರೆ ಬಾಸ್ತಾ ಅನ್ನೋ ಮುದುಕ ಕೌಂಟ್ ಹೆಂಡ್ತಿ ಕಣ್ಣಿಗೂ ಬೀಳ್ದೆ ವರ್ಷಗಟ್ಲೆ ಅಡಗಿ ಕೂತಿದಾನೆ, ರಾತ್ರಿ ಮಾತ್ರ ಹೊರಗೆ ಬರ್ತಾನೆ, ರಕ್ತಪಿಶಾಚಿ ಅಂತೆ. ಎರಡನ್ನೂ ಸೇರ್ಸೋ ದಾರ ನನಗೆ ಸಿಗ್ತಿಲ್ಲ. ಕಥೆಯಲ್ಲೇ ಇದೆಯಾ, ಇಲ್ಲಾ ಹೊರಗಡೆ ಎಲ್ಲಾದ್ರೂ ಹುಡುಕಬೇಕಾ?

ಸುಮ್ನೆ_ನೋಡ್ತೀನಿ
ನೋಡಿದೀನಿ. ಪೂರ್ತಿ ತಿಳೀಲಿಲ್ಲ, ಆದ್ರೆ ಆ ಹುಡುಗಿಯ ಮುಖ ಇನ್ನೂ ತಲೇಲಿದೆ. ಕಾಯ್ತಿದೀನಿ ಇಲ್ಲಿ.

ಅಡ್ಡಪ್ರಶ್ನೆ
ದಾರ ಇಲ್ಲ ಗುರು, ಅದಕ್ಕೇ ಸಿಕ್ಕಿಲ್ಲ. ಎರಡು ಬೇರೆ ಬೇರೆ ಸಿನಿಮಾನ ಪಕ್ಕಪಕ್ಕ ಇಟ್ಟಿದಾರೆ ಅಷ್ಟೇ. ಮೊದಲನೇದು ಅದ್ಭುತ, ನಾನೂ ಒಪ್ತೀನಿ, ಆ ಕತ್ತಲೆ ಬೆಳಕು, ಕಲ್ಲಿನ ಗೋಡೆ, ಅದರ ಮುಂದೆ ಆ ಹುಡುಗಿ ತುಟಿ ಬಿಗಿ ಹಿಡ್ಕೊಂಡು ನಿಲ್ಲೋದು. ಎರಡನೇದು ಊರಿನ ಭ್ರಷ್ಟಾಚಾರದ ಬಗ್ಗೆ ಹಾಸ್ಯ, ಸುಳ್ಳು ಅಂಗವಿಕಲ ಪಿಂಚಣಿ, ತೆರಿಗೆ ಕಳ್ಳರು, ಹಲ್ಲಿನ ಡಾಕ್ಟರ್ ಕುರ್ಚಿಯಲ್ಲಿ ಕೂತ್ಕೊಂಡು ಕಾಲ ಕೆಟ್ಟೋಯ್ತು ಅನ್ನೋ ಮುದುಕರು. ಹೆಸರಾಂತ ನಿರ್ದೇಶಕ ಅನ್ನೋ ಕಾರಣಕ್ಕೆ ನಾವು ಕೂತ್ಕೊಂಡು ಸಂಬಂಧ ಹುಡುಕ್ತಿದೀವಿ, ಹೊಸಬ ಯಾರಾದ್ರೂ ಇದನ್ನೇ ಮಾಡಿದ್ರೆ ಸ್ಕ್ರಿಪ್ಟ್ ಸರಿ ಮಾಡ್ಕೊಂಡು ಬಾ ಅಂತಿದ್ವಿ.

ರೀಲುಪೆಟ್ಟಿಗೆ
ಅಡ್ಡಪ್ರಶ್ನೆ ಅವ್ರೆ, ಸ್ವಲ್ಪ ನಿಲ್ಲಿ. ಟೈಟಲ್ ಕಾರ್ಡಲ್ಲಿ ಯಾರ್ಯಾರ ಹೆಸರಿದೆ ಅಂತ ಗಮನಿಸಿದ್ರಾ? ಫೆದೆರಿಕೋ ಮಾಡಿರೋದು ಪಿಯೆರ್ ಜಾರ್ಜೋ ಬೆಲ್ಲೋಕಿಯೊ, ನಿರ್ದೇಶಕರ ಮಗ. ವಯಸ್ಸಾದ್ಮೇಲೆ ಅದೇ ಫೆದೆರಿಕೋ ಕಾರ್ಡಿನಲ್, ಅಂದ್ರೆ ಚರ್ಚಿನ ದೊಡ್ಡ ಅಧಿಕಾರಿ, ಆಗ್ತಾನಲ್ಲ, ಅದು ಆಲ್ಬರ್ತೋ ಬೆಲ್ಲೋಕಿಯೊ, ನಿರ್ದೇಶಕರ ಒಡಹುಟ್ಟಿದವ್ರು. ಈಗಿನ ಕಾಲದ ಭಾಗದಲ್ಲಿ ಮುದುಕ ಕೌಂಟ್ ಯಾರನ್ನ ನೋಡಿ ಮರುಳಾಗ್ತಾನೋ ಆ ಹುಡುಗಿ ಎಲೆನಾ, ನಿರ್ದೇಶಕರ ಮಗಳು. ಊರು ಬೊಬ್ಬಿಯೋ, ಅವ್ರು ಹುಟ್ಟಿದ್ದು 1939ರಲ್ಲಿ ಅಲ್ಲೇ. 1965ರಲ್ಲಿ ಮೊದಲನೇ ಸಿನಿಮಾ 'ಫಿಸ್ಟ್ಸ್ ಇನ್ ದ ಪಾಕೆಟ್' ತೆಗೆದಿದ್ದೂ ಅದೇ ಊರಲ್ಲಿ, ತಮ್ಮ ಸ್ವಂತ ಮನೇಲೇ, ಅದರಲ್ಲಿ ಮಗ ಕುರುಡಿ ತಾಯಿನ ಪ್ರಪಾತಕ್ಕೆ ತಳ್ತಾನೆ.

ಈಗ ಮುಖ್ಯ ವಿಷಯ. ಮಾರ್ಕೋಗೆ ಒಬ್ಬ ಅವಳಿ ಸೋದರ ಇದ್ದ, ಕಮಿಲ್ಲೋ. 1968ರ ಡಿಸೆಂಬರಲ್ಲಿ ಆತ್ಮಹತ್ಯೆ ಮಾಡ್ಕೊಂಡ. ಇಬ್ಬರಿಗೂ ಆಗ 29. ಒಬ್ಬ ಜಗತ್ತಿಗೇ ಗೊತ್ತಿರೋ ನಿರ್ದೇಶಕ ಆಗ್ಬಿಟ್ಟಿದ್ದ, ಇನ್ನೊಬ್ಬನಿಗೆ ತನ್ನ ಜಾಗ ಯಾವುದು ಅಂತ ತಿಳೀತಿರ್ಲಿಲ್ಲ. ಇದನ್ನೆಲ್ಲ ಬೆಲ್ಲೋಕಿಯೊ ಅವ್ರೇ 'ಮಾರ್ಕ್ಸ್ ಕ್ಯಾನ್ ವೇಟ್' ಅನ್ನೋ ಸಾಕ್ಷ್ಯಚಿತ್ರದಲ್ಲಿ ಅಣ್ಣ ತಮ್ಮ ಅಕ್ಕ ತಂಗಿಯರನ್ನೆಲ್ಲ ಕೂರಿಸ್ಕೊಂಡು ಮಾತಾಡಿಸಿದಾರೆ, 2021ರಲ್ಲಿ ಕಾನ್ ಉತ್ಸವದಲ್ಲಿ ತೋರ್ಸಿದ್ರು, ಅದೇ ವರ್ಷ ಅವರಿಗೆ ಅಲ್ಲಿನ ದೊಡ್ಡ ಪ್ರಶಸ್ತಿ ಪಾಮ್ ದೋರನ್ನ ಗೌರವವಾಗಿ ಕೊಟ್ರು. ಆ ಸಾಕ್ಷ್ಯಚಿತ್ರದಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತೆ: ಅಮ್ಮ ತುಂಬಾ ದೈವಭಕ್ತೆ, ಸತ್ತ ಮಗ ನರಕಕ್ಕೆ ಹೋದ್ನಾ ಅನ್ನೋ ಭಯ ಆಕೆಯನ್ನ ತಿಂದಾಕಿತು.

ಈಗ ವಾಪಸ್ ಆ 17ನೇ ಶತಮಾನದ ಅಮ್ಮನ ಹತ್ರ ಹೋಗಿ ನೋಡಿ.

ಕತ್ತಲಕೋಣೆ
ಅಯ್ಯೋ. ಇದು ಗೊತ್ತೇ ಇರ್ಲಿಲ್ಲ. ಮೈ ಜುಮ್ ಅಂತು.

ಮೂಲೆಸೀಟು
ಅಲ್ಲ ಮಾರಾಯ್ರೆ, 'ದಿ ಐಸ್, ದ ಮೌತ್' ನೋಡ್ಲಿಲ್ವಾ ಯಾರೂ? 1982ರದ್ದು. ಅದರಲ್ಲೂ ಇದೇ ಕತೆ ಉಂಟು. ಅವಳಿಗಳಲ್ಲಿ ಒಬ್ಬ ಆತ್ಮಹತ್ಯೆ ಮಾಡಿಕೊಂಡ, ಇನ್ನೊಬ್ಬ ಅಂತ್ಯಕ್ರಿಯೆಗೆ ಅಂತ ಮನೆಗೆ ಬರುವುದು. ಅಮ್ಮನಿಗೆ ನಿಜ ಹೇಳದ ಹಾಗೆ ಮನೆಯವರೆಲ್ಲ ಸೇರಿ ನಾಟಕ ಆಡ್ತಾರೆ. ಒಂದು ಹಂತದಲ್ಲಿ ಬದುಕಿದವನು ಸತ್ತವನ ವೇಷ ಹಾಕಿಕೊಂಡು ಅಮ್ಮನ ಎದುರಿಗೆ ಹೋಗಿ ನಿಲ್ತಾನೆ, ಸಮಾಧಾನ ಮಾಡ್ಲಿಕ್ಕೆ. ನನಗೆ ಆ ಒಂದು ದೃಶ್ಯ ಸಾಕು, ಇವರ ಎಲ್ಲ ಸಿನಿಮಾದ ಬೀಗದಕೈ ಅದೇ. ಈ ಮನೆಯಲ್ಲಿ ಬಟ್ಟೆ ಬದಲಾಯಿಸದೆ ನಿಜ ಮಾತಾಡ್ಲಿಕ್ಕೆ ಆಗುವುದಿಲ್ಲ. 1982ರಲ್ಲಿ ಅಣ್ಣನ ಬಟ್ಟೆ, 2015ರಲ್ಲಿ 17ನೇ ಶತಮಾನದ ಬಟ್ಟೆ.

ಅಡ್ಡಪ್ರಶ್ನೆ
ಎಲ್ಲಾ ಸರಿ, ದುಃಖದ ವಿಷಯ, ಅದರ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರೆ ಪ್ರೇಕ್ಷಕ ಟಿಕೆಟ್ ತಗೊಂಡು ಒಳಗೆ ಹೋದಾಗ ಅವನ ಕೈಲಿ ನಿರ್ದೇಶಕರ ಜೀವನಚರಿತ್ರೆ ಇರಲ್ಲ. ಪರದೆ ಮೇಲೆ ಏನಿದೆಯೋ ಅದು ತಾನಾಗೇ ನಿಲ್ಬೇಕು. ನೀವು ಹೇಳಿದ್ದು ಕೇಳಿ ನನಗೆ ಬೆಲ್ಲೋಕಿಯೊ ಮೇಲೆ ಗೌರವ ಜಾಸ್ತಿ ಆಯ್ತು, ಸಿನಿಮಾ ಮೇಲೆ ಆಗ್ಲಿಲ್ಲ. ಅಲ್ಲದೆ ನೀವಿಬ್ಬರು ಹೇಳಿದ್ದೆಲ್ಲ ಮೊದಲರ್ಧಕ್ಕೆ ಮಾತ್ರ ಹೊಂದುತ್ತೆ. ರಕ್ತಪಿಶಾಚಿ ಯಾಕೆ? ರಷ್ಯನ್ ಯಾಕೆ? ಅದಕ್ಕೆ ಉತ್ತರ ಎಲ್ಲಿದೆ?

ಇತಿಹಾಸದಹುಳ
ಕಥೆ ಬಿಡಿ, ಮೊದಲು ಆ ಪರೀಕ್ಷೆಗಳ ಬಗ್ಗೆ ಹೇಳ್ತೀನಿ, ಯಾಕಂದ್ರೆ ತುಂಬಾ ಜನ ಅದನ್ನ ನಿರ್ದೇಶಕರ ಕಲ್ಪನೆ ಅಂದ್ಕೊಳ್ತಾರೆ. ಮಾಟಗಾತಿಗೆ ಕಣ್ಣೀರು ಬರಲ್ಲ ಅನ್ನೋದು 15ನೇ ಶತಮಾನದ ಕೊನೇಲಿ ಬಂದ 'ಮ್ಯಾಲಿಯಸ್ ಮ್ಯಾಲಿಫಿಕೇರಮ್' ಅನ್ನೋ ಮಾಟಗಾತಿ ಬೇಟೆಯ ಕೈಪಿಡೀಲಿ ಬರೆದಿಟ್ಟ ಮಾತು. ಅತ್ತರೆ ಅದು ಸೈತಾನನ ಮೋಸ, ಅಳದಿದ್ರೆ ಸಾಕ್ಷಿ ಸಿಕ್ತು, ಹಾಗಾಗಿ ತಪ್ಪಿಸ್ಕೊಳ್ಳೋಕೆ ದಾರೀನೇ ಇಲ್ಲ. ನೀರಿನದ್ದೂ ಅಷ್ಟೇ, ಕಟ್ಟಿ ನೀರಿಗೆ ಬಿಟ್ಟಾಗ ತೇಲಿದ್ರೆ ಅಪರಾಧಿ, ಮುಳುಗಿದ್ರೆ ನಿರಪರಾಧಿ. ಇಂಥ ದಿವ್ಯಪರೀಕ್ಷೆಗಳಲ್ಲಿ ಪಾದ್ರಿಗಳು ಭಾಗವಹಿಸಬಾರದು ಅಂತ 1215ರ ನಾಲ್ಕನೇ ಲ್ಯಾಟರನ್ ಸಭೆ ಅನ್ನೋ ಚರ್ಚಿನ ಮಹಾಸಭೆ ನಿಷೇಧಿಸಿತ್ತು, ಆದ್ರೂ ಮಾಟಗಾತಿ ಬೇಟೆಯ ಕಾಲದಲ್ಲಿ ನೀರಿನ ಪರೀಕ್ಷೆ ಯುರೋಪಿನ ಹಲವು ಕಡೆ ಮತ್ತೆ ತಲೆ ಎತ್ತಿತು.

ಗೋಡೆ ಕಟ್ಟಿ ಒಳಗಿಡೋದೂ ಆಗಿರೋದೇ. ಮೊನ್ಜಾದ ಸನ್ಯಾಸಿನಿ ವರ್ಜಿನಿಯಾ ದೆ ಲೇವಾ, ಜಾನ್ ಪಾವೊಲೋ ಓಸಿಯೋ ಅನ್ನೋನ ಜೊತೆ ಸಂಬಂಧ ಇತ್ತು, 1608ರಲ್ಲಿ ಶಿಕ್ಷೆ ಆಯ್ತು, ಮಿಲಾನಿನಲ್ಲಿ ಒಂದು ಸಣ್ಣ ಕೋಣೆಯ ಬಾಗಿಲಿಗೆ ಗೋಡೆ ಕಟ್ಟಿದ್ರು, ಗಾಳಿ ಮತ್ತು ಊಟಕ್ಕೆ ಅಂತ ಒಂದು ಕಿಂಡಿ. ಹೊರಗೆ ಬಂದಿದ್ದು 1622ರಲ್ಲಿ. ಮನ್ಜೋನಿಯ ಕಾದಂಬರಿಯಿಂದ ಇಟಲಿಯಲ್ಲಿ ಆಕೆ ಎಲ್ಲರಿಗೂ ಗೊತ್ತು. ಶಿಕ್ಷೆ ಕೊಟ್ಟಾಗಲೂ ಬಿಡಿಸಿದಾಗಲೂ ಮಿಲಾನಿನ ಆರ್ಚ್‌ಬಿಷಪ್ ಒಬ್ಬರೇ, ಕಾರ್ಡಿನಲ್ ಫೆದೆರಿಕೋ ಬೊರ್ರೊಮೆಯೊ. ಹೆಸರು ನೋಡಿ, ಫೆದೆರಿಕೋ. ನಮ್ಮ ಸಿನಿಮಾದಲ್ಲೂ ಫೆದೆರಿಕೋ ಕಾರ್ಡಿನಲ್ ಆಗಿ ಬಂದು ಗೋಡೆ ಒಡೆಸ್ತಾನೆ. ಹೆಸರು ಅಲ್ಲಿಂದಲೇ ಬಂದಿದೆ ಅನ್ನೋದು ನನ್ನ ಊಹೆ.

ಸುಮ್ನೆ_ನೋಡ್ತೀನಿ
14 ವರ್ಷ ಗೋಡೆ ಒಳಗೆ!! ಯಪ್ಪಾ.

ಬಣ್ಣದಬಟ್ಟೆ
ಇತಿಹಾಸದಹುಳ ಸಾರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ನನ್ನ ಆಸಕ್ತಿ ಬಟ್ಟೆ. ಐತಿಹಾಸಿಕ ಸಿನಿಮಾ ಅಂದ್ರೆ ಸಾಮಾನ್ಯವಾಗಿ ಬಟ್ಟೆ ಮೆರವಣಿಗೆ, ಜರಿ, ರೇಷ್ಮೆ, ಎಲ್ಲ ಆಗ್ತಾನೆ ಹೊಲಿದು ಇಸ್ತ್ರಿ ಮಾಡ್ಕೊಂಡು ಬಂದಂಗಿರುತ್ತೆ. ಇಲ್ಲಿ ಹಾಗಿಲ್ಲ, ಸೈನಿಕ ಫೆದೆರಿಕೋ ಆ ಉಡುಪಲ್ಲಿ ಇಕ್ಕಟ್ಟಾಗಿ ಕಾಣ್ತಾನೆ, ಬೇರೆ ಯಾರದ್ದೋ ಕೆಲಸ ಮಾಡೋಕೆ ಬೇರೆ ಯಾರದ್ದೋ ಅಂಗಿ ಹಾಕ್ಕೊಂಡು ಬಂದೋನ ಥರ. ಕಾನ್ವೆಂಟ್ ಒಳಗೆ ಎಲ್ಲರಿಗೂ ಮೈ ಮುಚ್ಚೋ ಬಟ್ಟೆ, ಎಲ್ಲರಿಗೂ ಒಂದೊಂದು ಪದವಿಯ ಬಟ್ಟೆ. ಕೊನೇಲಿ ಗೋಡೆ ಒಡೆದಾಗ ಬೆನೆದೆತ್ತಾ ಹೊರಗೆ ಬರೋದು ಬಟ್ಟೆ ಇಲ್ದೆ, ಮುಪ್ಪು ಇಲ್ದೆ, ಹೋದಾಗ ಹೇಗಿದ್ಲೋ ಹಾಗೆ. ಅವಳನ್ನ ನೋಡಿ ಕುಸಿದು ಬೀಳೋನು ಮೈತುಂಬ ಕೆಂಪು ನಿಲುವಂಗಿ ಹೊದ್ದ ಮುದುಕ. ಸಿನಿಮಾದಲ್ಲಿ ವೇಷ ಬಿಟ್ಟು ಹೋಗೋಕೆ ಆದವಳು ಅವಳೊಬ್ಬಳೇ.

ಅಡ್ಡಪ್ರಶ್ನೆ ಅವರು ಕೇಳಿದ್ದಕ್ಕೆ ನನ್ನ ಉತ್ತರನೂ ಇದೇ. ಎರಡನೇ ಅರ್ಧದಲ್ಲೂ ಎಲ್ಲರೂ ವೇಷದಲ್ಲೇ ಇದಾರಲ್ಲ. ಇನ್ಸ್ಪೆಕ್ಟರ್ ಇನ್ಸ್ಪೆಕ್ಟರ್ ಅಲ್ಲ, ಪಿಂಚಣಿ ತಗೊಳ್ಳೋನಿಗೆ ಕಾಯಿಲೆ ಇಲ್ಲ, ಕೌಂಟ್ ಬದುಕಿದಾನೋ ಸತ್ತಿದಾನೋ ಹೆಂಡ್ತಿಗೇ ಗೊತ್ತಿಲ್ಲ. ಬರೀ ಹೊಲಿಗೆ ಬದಲಾಗಿದೆ.

ಅಡ್ಡಪ್ರಶ್ನೆ
ಇದು ಚೆನ್ನಾಗಿದೆ. ಜೀವನಚರಿತ್ರೆ ಬೇಕಿಲ್ಲದ ಉತ್ತರ. ಇಂಥದ್ದು ಹೇಳಿ, ಒಪ್ತೀನಿ. ಆದ್ರೂ ಎರಡನೇ ಅರ್ಧ ಇಪ್ಪತ್ತು ನಿಮಿಷ ಉದ್ದ ಆಯ್ತು.

ಪರದೆಹಿಂದೆ
ವೇಷದ ಮಾತು ಬಂತು ಅಂದಮ್ಯಾಲೆ ನಾ ಸುಮ್ಮನಿರಾಂಗಿಲ್ಲ. ಇದೇ ಬೆಲ್ಲೋಕಿಯೊ 1984ರಾಗ 'ಹೆನ್ರಿ ದ ಫೋರ್ತ್' ಮಾಡ್ಯಾರ, ಇಟಲಿಯ ನಾಟಕಕಾರ ಪಿರಾಂದೆಲ್ಲೋ ಬರೆದ ನಾಟಕ, ನಟರು ಮಾರ್ಚೆಲ್ಲೋ ಮಾಸ್ತ್ರೊಯಾನಿ, ಕ್ಲಾಡಿಯಾ ಕಾರ್ಡಿನಾಲೆ, ಸಂಗೀತ ಯಾರ್ದು ಅಂದ್ರ ಆಸ್ತೋರ್ ಪಿಯಾಜೋಲ್ಲಾ! ಇಷ್ಟೆಲ್ಲಾ ಇದ್ರೂ ಅದನ್ನ ಯಾರೂ ನೆನಸಂಗಿಲ್ಲ. ಐತಿಹಾಸಿಕ ಉಡುಪು ಮತ್ತ ಈಗಿನ ಕಾಲದ ಮನಿ ಜಗಳ ಎರಡೂ ಒಂದ ಕ್ವಾಣ್ಯಾಗ ನೋಡಬೇಕಂದ್ರ ಅದನ್ನ ನೋಡ್ರಿ.

ನಾಟಕ ಮೊದಲು ಆಡಿದ್ದು 1922ರಾಗ, ಮಿಲಾನ್ದಾಗ. ಕತಿ ಏನಪಾ ಅಂದ್ರ, ಶ್ರೀಮಂತರೆಲ್ಲಾ ಕೂಡಿ ವೇಷ ಹಾಕ್ಕೊಂಡು ಕುದುರಿ ಮ್ಯಾಲೆ ಮೆರವಣಿಗಿ ಹೊಂಟಿರ್ತಾರ. ಒಬ್ಬಾವ ಜರ್ಮನಿಯ ದೊರಿ ನಾಲ್ಕನೇ ಹೆನ್ರಿ ಆಗ್ಯಾನ, ಅವ ಮನಸ್ಸಿಟ್ಟಾಕಿ ಟಸ್ಕನಿಯ ಮಟಿಲ್ದಾ ಆಗ್ಯಾಳ. ಕುದುರಿ ಮುಗ್ಗರಿಸಿ ಇವ ಬಿದ್ದು ತಲಿಗೆ ಪೆಟ್ಟು ಬೀಳ್ತದ. ಎದ್ದಾಗ ತಾನು ಖರೇನ ಹೆನ್ರಿ ಅಂತ ತಿಳೀತಾನ. ರೊಕ್ಕಸ್ತ ಮನಿತನ, ಅದಕ್ಕ ಬಂಗಲೇನ ಅರಮನಿ ಮಾಡಿ ಪಗಾರ ಕೊಟ್ಟು ಮಂತ್ರಿಗಳ ವೇಷದಾಗ ನಾಕು ಮಂದಿನ್ನ ಇಟ್ಟಾರ. ಹಿಂಗ ಹೆಚ್ಚುಕಮ್ಮಿ ಇಪ್ಪತ್ತು ವರ್ಷ. ಆಮ್ಯಾಲೆ ಅಕ್ಕನ ಮಗ ಡಾಕ್ಟರ್ನ ಕರ್ಕೊಂಡು ಬರ್ತಾನ, ಜೋಡಿ ಆ ಮಟಿಲ್ದಾ, ಆಕಿ ಮಗಳು, ಮಟಿಲ್ದಾನ ಪ್ರಿಯಕರ ಬೆಲ್ಕ್ರೇದಿ, ಎಲ್ಲಾರೂ 11ನೇ ಶತಮಾನದ ಬಟ್ಟಿ ಹಾಕ್ಕೊಂಡ ಒಳಗ ಬರಬೇಕು. ಖರೆ ಸಂಗತಿ ಏನಂದ್ರ ಅವಗ ಎಂಟು ವರ್ಷದ ಹಿಂದನ ಬುದ್ಧಿ ಸರಿ ಆಗೈತಿ, ಹುಚ್ಚನ ವೇಷ ತಾನಾಗೇ ಮುಂದುವರಿಸ್ಯಾನ. ಅವತ್ತ ಕುದುರಿಗೆ ಹಿಂದಿಂದ ಚುಚ್ಚಿದ್ದರಂತ ಸುದ್ದಾ ಅವಗ ಗೊತ್ತೈತಿ.

ಹೊಸದಾಗಿ ನೌಕರಿಗೆ ಸೇರಿದ ಒಬ್ಬ ಮಂತ್ರಿ ಪಾಪ ಫ್ರಾನ್ಸಿನ ನಾಲ್ಕನೇ ಹೆನ್ರಿ ಬಗ್ಗೆ ಓದ್ಕೊಂಡ ಬಂದಿರ್ತಾನ, 500 ವರ್ಷದ ಫರಕು! ರಂಗದ ಮ್ಯಾಲೆ ಆ ಜಾಗಾ ಭಾಳ ಛಲೋ ಬರ್ತದ.

ಮೂಲೆಸೀಟು
ಪರದೆಹಿಂದೆ ಅವರೇ, ಚಂದ ಹೇಳಿದ್ರಿ. ಆದ್ರೆ ಅದು ಸರ್ರಿಯಲ್ ಅಲ್ಲ ಅಲ್ವಾ, ಅಲ್ಲಿ ಎಲ್ಲದಕ್ಕೂ ಕಾರಣ ಉಂಟು. ಬಿದ್ದ, ಹುಚ್ಚಾದ, ವೇಷ ಹಾಕಿದ್ರು. 2015ರದ್ದರಲ್ಲಿ ಕಾರಣವೇ ಇಲ್ಲದೆ ಕಾಲ ಹಾರ್ತದೆ.

ಪರದೆಹಿಂದೆ
ಕಾರಣ ಐತಿ, ಒಪ್ಪಿದೆ. ಆದ್ರ ನೋಡೋರಿಗೆ ಆಗೋ ಕಸಿವಿಸಿ ಒಂದೇ. ಕಿಟಕಿ ಹೊರಗ ಮೋಟಾರು ನಿಂತದ, ಒಳಗ ದೊರಿ ಪೋಪನ ಬಗ್ಗೆ ಮಾತಾಡ್ತಾನ. ಎರಡನೇ ಅಂಕದ ಕಡೀಕ ಕರೆಂಟಿನ ಲೈಟು ಬ್ಯಾಡ, ನನ್ನ ದೀಪ ತರ್ರಿ ಅಂತಾನಲ್ಲ, ಅಲ್ಲಿ ಅವಗ ಎಲ್ಲಾ ಗೊತ್ತೈತಿ ಅಂತ ನಮಗೂ ಗೊತ್ತಿರ್ತದ. ತಿಳಿದೂ ತಿಳಿದೂ ಆ ಅಂಗಿ ಬಿಚ್ಚಾಂಗಿಲ್ಲ ಅವ. ಯಾಕ? ಆ ಅಂಗಿ ಮ್ಯಾಲಿದ್ರ ಬೆಲ್ಕ್ರೇದಿ ಮುಖದ ಮ್ಯಾಲೆ ಖರೆ ಮಾತು ಹೇಳಬಹುದು, ಬಿಚ್ಚಿದ್ರ ಅವ ಬರೇ ವಯಸ್ಸಾದ ಒಬ್ಬ ಸೋತ ಸಂಬಂಧಿಕ. ಮನಿಮಂದಿ ಯಾರೂ ಅವನ ಮಾತು ಕೇಳಾಂಗಿಲ್ಲ.

ಇತಿಹಾಸದಹುಳ
ನಾಲ್ಕನೇ ಹೆನ್ರಿ ಅಂದ ತಕ್ಷಣ ನನಗೆ ಸುಮ್ನಿರೋಕಾಗ್ತಿಲ್ಲ. ಎಲ್ಲರಿಗೂ ಗೊತ್ತಿರೋದು ಕನೋಸಾ, 1077ರ ಜನವರಿ, ಪೋಪ್ ಏಳನೇ ಗ್ರೆಗರಿಯ ಕ್ಷಮೆಗೋಸ್ಕರ ಮಟಿಲ್ದಾಳ ಕೋಟೆ ಹೊರಗೆ ಹಿಮದಲ್ಲಿ ಮೂರು ದಿನ ಕಾದಿದ್ದು. ಆದ್ರೆ ಈ ದೊರೆಯ ನಿಜವಾದ ಕಥೆ ಮನೆಯೊಳಗಿನ ಜಗಳ. ಆರು ವರ್ಷ ತುಂಬೋದ್ರೊಳಗೆ ಅಪ್ಪ ಸತ್ತ. 1062ರಲ್ಲಿ ಕೈಸರ್ಸ್‌ವರ್ತ್ ಅನ್ನೋ ಕಡೆ ಕಲೋನಿನ ಆರ್ಚ್‌ಬಿಷಪ್ ಆನೋ ದೋಣಿ ತೋರಿಸ್ತೀನಿ ಅಂತ ಹತ್ತಿಸ್ಕೊಂಡು ಅಮ್ಮನ ಕೈಯಿಂದ ಹುಡುಗನ್ನ ಎತ್ತಾಕ್ಕೊಂಡು ಹೋದ, ಹುಡುಗ ರೈನ್ ನದಿಗೇ ಹಾರಿಬಿಟ್ಟ, ಎತ್ತಿ ಉಳಿಸಿದ್ರು. ಎರಡನೇ ಹೆಂಡ್ತಿ ಬಹಿರಂಗವಾಗಿ ಅವನ ಮೇಲೆ ಆರೋಪ ಮಾಡಿದ್ಲು. ದೊಡ್ಡ ಮಗ ಕಾನ್ರಾಡ್ 1093ರಲ್ಲಿ ತಿರುಗಿಬಿದ್ದ. ಇನ್ನೊಬ್ಬ ಮಗ, ಮುಂದೆ ಐದನೇ ಹೆನ್ರಿ ಆದೋನು, 1105ರ ಡಿಸೆಂಬರಲ್ಲಿ ಅಪ್ಪನ್ನ ಸೆರೆ ಹಿಡಿದು ಸಿಂಹಾಸನ ಬಿಡಿಸಿದ.

ಮುಂದಿನದು ಕೇಳಿ. 1106ರಲ್ಲಿ ಸತ್ತಾಗ ಅವನು ಚರ್ಚಿನಿಂದ ಬಹಿಷ್ಕೃತ. ಹಾಗಾಗಿ ಪವಿತ್ರ ನೆಲದಲ್ಲಿ ಹೂಳೋ ಹಾಗಿರ್ಲಿಲ್ಲ. ಸ್ಪೈಯರ್ ಕ್ಯಾಥೆಡ್ರಲಿನ ಇನ್ನೂ ಪ್ರತಿಷ್ಠೆ ಆಗದ ಒಂದು ಚಾಪೆಲಲ್ಲಿ ಶವಪೆಟ್ಟಿಗೆ ಇಟ್ಟಿದ್ರು, ಬಹಿಷ್ಕಾರ ತೆಗೆದು ಸರಿಯಾಗಿ ಸಮಾಧಿ ಮಾಡಿದ್ದು 1111ರಲ್ಲಿ. ಅಲ್ಲೀವರೆಗೂ ಆ ಹೆಣಕ್ಕೆ ಜಾಗ ಇಲ್ಲ. ಬೆಲ್ಲೋಕಿಯೊ 1984ರಲ್ಲಿ ಈ ದೊರೆಯ ವೇಷ ಹಾಕೋ ಮನುಷ್ಯನ ಕಥೆ ತಗೊಂಡ್ರು, 2015ರಲ್ಲಿ ಸಮಾಧಿಗೆ ಜಾಗ ಸಿಗದ ತಮ್ಮನ ಕಥೆ.

ಅಡ್ಡಪ್ರಶ್ನೆ
ಕಾಕತಾಳೀಯ. ನಾಟಕದಲ್ಲಿ ಸಮಾಧಿಯ ವಿಷಯಾನೇ ಮುಖ್ಯ ಅಲ್ಲ. ಹುಡುಕಿದ್ರೆ ಎಲ್ಲಿ ಬೇಕಾದ್ರೂ ಹೊಂದಿಕೆ ಸಿಗುತ್ತೆ ಸಾರ್.

ಇತಿಹಾಸದಹುಳ
ನಿರ್ದೇಶಕರು ಅದನ್ನ ನೋಡಿ ಆರಿಸ್ಕೊಂಡ್ರು ಅಂತ ನಾನು ಹೇಳ್ತಿಲ್ಲ. ಹೆಣ ಎಲ್ಲಿಡಬೇಕು ಅನ್ನೋ ಜಗಳ ಆ ಸಂಸ್ಕೃತಿಯಲ್ಲಿ ಎಷ್ಟು ಹಳೇದು ಅಂತ ಹೇಳ್ತಿದೀನಿ.

ನೀಲಿಶಾಯಿ
ಇಷ್ಟೊತ್ತು ಓದ್ತಾ ಇದ್ದೆ, ಈಗ ಬರೀಲೇಬೇಕು ಅನ್ನಿಸ್ತು. ನಾನು ಓದಿದ್ದು ಕಾನೂನು, ಚರ್ಚಿನ ಕಾನೂನಿನ ಬಗ್ಗೆ ಒಂದಷ್ಟು ಕೆಲಸ ಮಾಡಿದೀನಿ. ಎಲ್ಲರೂ 17ನೇ ಶತಮಾನ 17ನೇ ಶತಮಾನ ಅಂತಿದೀರಿ. ಆತ್ಮಹತ್ಯೆ ಮಾಡ್ಕೊಂಡೋರಿಗೆ ಚರ್ಚಿನ ಅಂತ್ಯಕ್ರಿಯೆ ಇಲ್ಲ ಅನ್ನೋದು 17ನೇ ಶತಮಾನಕ್ಕೆ ಮುಗಿದುಹೋದ ನಿಯಮ ಅಲ್ಲ. ಕ್ಯಾಥೊಲಿಕ್ ಚರ್ಚಿನ 1917ರ ಸಂಹಿತೆಯಲ್ಲಿ, 1240ನೇ ವಿಧಿಯಲ್ಲಿ ಅದು ಇದೆ, ಉದ್ದೇಶಪೂರ್ವಕವಾಗಿ ತನ್ನ ಪ್ರಾಣ ತೆಗೆದುಕೊಂಡವರು ಅಂತ ಆ ಪಟ್ಟಿಯಲ್ಲಿ ಸೇರಿಸಿದಾರೆ. ಆ ಸಂಹಿತೆ ಹೋಗಿ ಹೊಸದು ಬಂದಿದ್ದು 1983ರಲ್ಲಿ, ಆಗ ಆತ್ಮಹತ್ಯೆನ ಆ ಪಟ್ಟಿಯಿಂದ ಬಿಟ್ರು.

ಕಮಿಲ್ಲೋ ತೀರಿಕೊಂಡಿದ್ದು 1968. ಅಂದ್ರೆ ಆ ಅಮ್ಮನಿಗಿದ್ದ ಭಯ ಹಳೇ ಕಾಲದ ಅಜ್ಜಿಯ ಮೂಢನಂಬಿಕೆ ಅಲ್ಲ, ಆಗ ಜಾರಿಯಲ್ಲಿದ್ದ ಕಾನೂನು. ಮನಸ್ಸು ಸ್ಥಿಮಿತದಲ್ಲಿರಲಿಲ್ಲ ಅಂತಾದ್ರೆ ಅದು ಉದ್ದೇಶಪೂರ್ವಕ ಅಲ್ಲ ಅನ್ನೋ ದಾರಿ ಒಂದಿತ್ತು, ಸಂಶಯ ಇದ್ದಾಗ ಸತ್ತವರ ಪರವಾಗಿ ನಿರ್ಧಾರ ಮಾಡೋರು. ಅಂದ್ರೆ ಹೆಣದ ಮುಂದೆ ಕೂತು ಮನೆಯವರು ಒಂದು ಕಥೆ ಕಟ್ಟಬೇಕು: ಅವನಿಗೆ ಹುಷಾರಿರ್ಲಿಲ್ಲ, ಅವನು ಅವನಾಗಿರ್ಲಿಲ್ಲ. ಸಿನಿಮಾದ ಅಮ್ಮ ಕೇಳೋದೂ ಇಂಥದ್ದೇ ಒಂದು ಕಥೆ, ಅಲ್ಲಿ ಹುಷಾರಿರ್ಲಿಲ್ಲ ಅನ್ನೋ ಜಾಗದಲ್ಲಿ ಮಾಟಗಾತಿ ಮೋಡಿ ಮಾಡಿದ್ಲು ಅಂತಿದೆ. ಒಂದು ಮನೆ ತನ್ನ ಮಗನನ್ನ ಉಳಿಸ್ಕೊಳ್ಳೋಕೆ ಬೇರೆ ಮನೆಯ ಮಗಳನ್ನ ಕೊಡ್ತಿದೆ.

ಅದಕ್ಕೇ ಆ ಉಡುಪು ನನಗೆ ದೂರದ್ದು ಅನ್ನಿಸಲೇ ಇಲ್ಲ.

ಕತ್ತಲಕೋಣೆ
ನೀಲಿಶಾಯಿ ಮೇಡಂ/ಸಾರ್, ಇದನ್ನ ಓದಿ ಸುಮ್ಮನೆ ಕೂತ್ಬಿಟ್ಟೆ. ಬೇರೆ ಮನೆಯ ಮಗಳನ್ನ ಕೊಡ್ತಿದೆ ಅನ್ನೋದು. ಫೆದೆರಿಕೋಗೂ ಅದು ಗೊತ್ತು, ಅವಳ ಮೇಲೆ ಆಸೆ ಹುಟ್ಟಿದ ಮೇಲೂ ಗೋಡೆ ಏಳೋದನ್ನ ತಡೆಯಲ್ಲ, ಅದೇ ಅವನ ಪಾಪ, ಅದರ ಮೇಲೆ ಮೆಟ್ಟಿಲು ಹತ್ತಿ ಕಾರ್ಡಿನಲ್ ಆಗ್ತಾನೆ.

ರೀಲುಪೆಟ್ಟಿಗೆ
ಹೌದು, ನನ್ನ ಪ್ರಕಾರ ಬೆಲ್ಲೋಕಿಯೊ ತಮ್ಮನ್ನ ತಾವೇ ಬಿಡದೆ ಹಿಡಿದಿರೋದು ಅಲ್ಲೇ. ಬದುಕಿ ಉಳಿದ ಅವಳಿ, ಮೇಲಕ್ಕೆ ಹೋದ ಅವಳಿ. ಆ ಪಾತ್ರಕ್ಕೆ ಹರೆಯದಲ್ಲಿ ಸ್ವಂತ ಮಗನ ಮುಖ, ಮುಪ್ಪಲ್ಲಿ ಸ್ವಂತ ಒಡಹುಟ್ಟಿದವನ ಮುಖ. ಮಾಯಿ ಅನ್ನೋ ಮನೆತನದ ಹೆಸರನ್ನೂ ಅವ್ರು ಮೊದಲೇ ಬಳಸಿದ್ರು, 2010ರ 'ಸೊರೆಲ್ಲೆ ಮಾಯಿ'. ಬೊಬ್ಬಿಯೋದಲ್ಲಿ ಬೇಸಿಗೆಗೆ ನಡೆಸೋ ಸಿನಿಮಾ ಶಾಲೆಯ ವಿದ್ಯಾರ್ಥಿಗಳನ್ನ ಇಟ್ಕೊಂಡು ಹತ್ತತ್ರ ಹತ್ತು ವರ್ಷ ಸ್ವಲ್ಪ ಸ್ವಲ್ಪವಾಗಿ ತೆಗೆದ ಚಿತ್ರ, ಅದರಲ್ಲಿ ಅವರ ಸ್ವಂತ ಅಕ್ಕತಂಗಿಯರು, ಮಗ, ಮಗಳು ಎಲ್ಲ ಇದಾರೆ. ಎಲೆನಾ ಪುಟ್ಟ ಹುಡುಗಿಯಿಂದ ದೊಡ್ಡವಳಾಗೋದು ಕಣ್ಣೆದುರೇ ಕಾಣುತ್ತೆ. ಆ ಹುಡುಗೀನೇ ಇಲ್ಲಿ ಮುದುಕ ಕೌಂಟ್ ಮುಂದೆ ನಿಂತಿರೋದು.

ಅಡ್ಡಪ್ರಶ್ನೆ
ಸರಿ ಕೌಂಟ್ ಅಂದ್ರಿ, ಆ ಪ್ರಶ್ನೆಗೆ ಇನ್ನೂ ಯಾರೂ ನೇರವಾಗಿ ಉತ್ತರ ಕೊಟ್ಟಿಲ್ಲ.

ಮೂಲೆಸೀಟು
ನಾನು ಕೊಡ್ತೇನೆ. ಕೌಂಟ್ ಅಂದ್ರೆ ಮನೆಯ ಹಿರಿಯ. ಹೆಂಡತಿಯಿಂದ ಓಡಿ ಬಂದವ, ಊರಿನ ಎಲ್ಲರ ಗುಟ್ಟು ಗೊತ್ತಿರುವವ, ಹಗಲಿನಲ್ಲಿ ಇರ್ಲಿಕ್ಕೇ ಆಗದವ. ಊರಿನ ಹಿರಿಯರೆಲ್ಲ ಸೇರಿ ಕತ್ತಲಲ್ಲಿ ಆಡಳಿತ ಮಾಡ್ತಾರಲ್ಲ, ಅದು ಕಾನ್ವೆಂಟಿನ ಪಾದ್ರಿಗಳ ಸಭೆಯೇ, ಬೇರೆ ಅಲ್ಲ. ಆಗ ಅವರು ಒಂದು ಹೆಣ್ಣನ್ನು ಗೋಡೆಯೊಳಗೆ ಇಟ್ಟರು, ಈಗ ಆ ಗೋಡೆಯೊಳಗೆ ತಾವೇ ಕೂತಿದ್ದಾರೆ. ರೊಬೆರ್ತೋ ಹೆರ್ಲಿಟ್ಸ್ಕಾ ಅದನ್ನು ಎಷ್ಟು ಚಂದ ಮಾಡಿದ್ದಾರೆ ಅಂದ್ರೆ, ಆ ಮುದುಕನ ಮೇಲೆ ಸಿಟ್ಟೂ ಬರ್ತದೆ, ಅಯ್ಯೋ ಅಂತಲೂ ಆಗ್ತದೆ. ರಷ್ಯನ್ ಯಾಕೆ ಅಂದ್ರೆ ಹೊರಗಿನವ ಬೇಕು, ದುಡ್ಡು ತೋರಿಸಿ ಬಾಗಿಲು ತೆಗೆಸುವವ. ಇಷ್ಟೇ.

ಸುಮ್ನೆ_ನೋಡ್ತೀನಿ
ಮೆಟಾಲಿಕಾ ಅನ್ನೋ ರಾಕ್ ಬ್ಯಾಂಡಿನ ಹಾಡಿನ ಬಗ್ಗೆ ಯಾರೂ ಹೇಳ್ಲಿಲ್ವಲ್ಲ??

ಬಣ್ಣದಬಟ್ಟೆ
ಅದೇ! 'ನಥಿಂಗ್ ಎಲ್ಸ್ ಮ್ಯಾಟರ್ಸ್', ಬೆಲ್ಜಿಯಂನ ಸ್ಕಾಲಾ ಅನ್ನೋ ಹೆಣ್ಣುಮಕ್ಕಳ ವೃಂದ ಹಾಡಿರೋದು, 17ನೇ ಶತಮಾನದ ಭಾಗದ ಮೇಲೆ ಹಾಕಿದಾರೆ. ಮೊದಲು ನನಗೆ ಚರ್ಚ್ ಸಂಗೀತ ಅಂತಾನೇ ಕೇಳಿಸ್ತು, ಆಮೇಲೆ ರಾಗ ಗುರುತು ಸಿಕ್ತು. ಹಾಡು ಬಂದಿದ್ದು 1991ರ ಆಲ್ಬಮಲ್ಲಿ.

ಅಡ್ಡಪ್ರಶ್ನೆ
ಅದು ನನಗೆ ಸುಲಭದ ದಾರಿ ಅನ್ನಿಸ್ತು. ಹಳೇ ಬಟ್ಟೆ ಮೇಲೆ ಹೊಸ ಹಾಡು ಹಾಕೋದು ಈಗ ಎಲ್ಲರೂ ಮಾಡ್ತಾರೆ. ಡೆರೆಕ್ ಜಾರ್ಮನ್ 1986ರಲ್ಲೇ ಹಳೇ ಕಾಲದ ಇಟಲಿಯ ಚಿತ್ರಕಾರನ ಬಗ್ಗೆ ತೆಗೆದ 'ಕಾರವಾಜ್ಜೋ' ಒಳಗೆ ಟೈಪ್‌ರೈಟರು, ಕ್ಯಾಲ್ಕುಲೇಟರು, ಮೋಟರ್‌ಬೈಕು ಎಲ್ಲ ಇಟ್ಟಿದ್ರು, ಆದ್ರೆ ಅಲ್ಲಿ ವಸ್ತು ಕೆಲಸ ಮಾಡುತ್ತೆ. ಬ್ಯಾಂಕಿನವನ ಕೈಲಿ ಕ್ಯಾಲ್ಕುಲೇಟರ್ ಇದ್ರೆ ಕಲೆ ಮತ್ತು ದುಡ್ಡಿನ ಬಗ್ಗೆ ಏನೋ ಹೇಳ್ದಂಗಾಯ್ತು. ಇಲ್ಲಿ ಹಾಡು ಬರೀ ಭಾವ ಉಬ್ಬಿಸುತ್ತೆ.

ನೀಲಿಶಾಯಿ
ನನಗೆ ಹಾಗನ್ನಿಸಲ್ಲ. ಗಂಡಸರೇ ತೀರ್ಪು ಕೊಡೋ ಜಾಗದಲ್ಲಿ ಹುಡುಗಿಯರ ದನಿಗಳು ಕೇಳಿಸೋದು ಅಷ್ಟೇ ಸಾಕು ನನಗೆ. ಅವಳ ಪರವಾಗಿ ಒಂದು ಸಾಕ್ಷಿಯನ್ನೂ ಕರೆಸಿಲ್ಲ ಆ ವಿಚಾರಣೆಯಲ್ಲಿ.

ಪರದೆಹಿಂದೆ
ಕಾರವಾಜ್ಜೋ ಹೆಸರು ತಗೊಂಡ್ರಿ, ಈ ಸಿನಿಮಾದ ಮೊದಲ ಭಾಗದ ಬೆಳಕು ಸುದ್ದಾ ಅದೇ ನಮೂನಿ ಅಲ್ರಿ? ದಾನಿಯೆಲೆ ಚಿಪ್ರಿ ಕ್ಯಾಮೆರಾ. ಒಂದ ಕಡಿಯಿಂದ ಬೆಳಕು, ಉಳಿದದ್ದೆಲ್ಲಾ ಕರಿ. ರಂಗದ ಮ್ಯಾಲೆ ಹಂಗ ಮಾಡಬೇಕಂತ ಭಾಳ ಆಸೆ ಐತಿ ನನಗ.

ರೀಲುಪೆಟ್ಟಿಗೆ
ಹಾಡಿನ ವಿಷಯದಲ್ಲಿ ನಾನು ನೀಲಿಶಾಯಿ ಕಡೆ. ಇನ್ನೊಂದು ಮಾತು, ಜೀವನಚರಿತ್ರೆ ಗೊತ್ತಿರಬೇಕಾ ಅನ್ನೋದಕ್ಕೆ. ಬೆಲ್ಲೋಕಿಯೊ 2015ರಲ್ಲಿ ಹೇಳದೇ ಇದ್ದದ್ದನ್ನ 2021ರಲ್ಲಿ ತಾವೇ ಕ್ಯಾಮೆರಾ ಮುಂದೆ ಕೂತು, ವೇಷ ಇಲ್ದೆ, ಮನೆಯವರ ಹೆಸರು ಹಿಡಿದು ಹೇಳಿದ್ರು. ಆಗ ಅವರಿಗೆ 81. ಅಲ್ಲೀವರೆಗೂ ಈ ಸಾವಿನ ಸುತ್ತ ತೆಗೆದಿದ್ದು ಕಥಾಚಿತ್ರಗಳು, ಪಾತ್ರದ ಬಟ್ಟೆ ಹಾಕಿಸಿ. ಹಾಗಾಗಿ ಈ ಸಿನಿಮಾನ ಒಂಟಿಯಾಗಿ ನೋಡಿ ಅಂತ ನಾನು ಯಾರಿಗೂ ಹೇಳಲ್ಲ.

ಅಡ್ಡಪ್ರಶ್ನೆ
ಅದನ್ನೇ ನಾನು ಮೊದಲಿಂದ ಹೇಳ್ತಿರೋದು. ಒಂಟಿಯಾಗಿ ನಿಲ್ಲಲ್ಲ.

ಮೂಲೆಸೀಟು
ನಿಲ್ತದೆ. ಕತ್ತಲಕೋಣೆಯವರು ಏನೂ ಗೊತ್ತಿಲ್ಲದೆ ನೋಡಿಯೇ ಇಷ್ಟು ಉದ್ದದ ಪ್ರಶ್ನೆ ಹಾಕಿದ್ದು. ಏನೂ ತಾಗದಿದ್ದರೆ ಯಾರಾದ್ರೂ ಇಷ್ಟು ಬರೀತಾರಾ?

ಕತ್ತಲಕೋಣೆ
ತಾಗಿದ್ದು ನಿಜ. ಈಗ 'ದಿ ಐಸ್, ದ ಮೌತ್' ನೋಡ್ಬೇಕು. ಯಾವ ಕ್ರಮದಲ್ಲಿ ನೋಡ್ಲಿ, 1982, 1984, ಆಮೇಲೆ 2021? ಇಲ್ಲಾ ಸಾಕ್ಷ್ಯಚಿತ್ರ ಮೊದಲಾ?

ರೀಲುಪೆಟ್ಟಿಗೆ
ಸಾಕ್ಷ್ಯಚಿತ್ರ ಕೊನೆಗಿಟ್ಕೊಳ್ಳಿ. ಶುರು 1965ರಿಂದ ಮಾಡಿ.

ನೀಲಿಶಾಯಿ
ನಾನಾದ್ರೆ ಸಾಕ್ಷ್ಯಚಿತ್ರ ಮೊದಲು ಅಂತೀನಿ. ಕಮಿಲ್ಲೋ ಯಾರು ಅಂತ ತಿಳ್ಕೊಂಡೇ ಉಳಿದದ್ದು ನೋಡಬೇಕು. ಅವನು ಬರೀ ಒಂದು ಸಿನಿಮಾದ ಸುಳಿವು ಆಗಿಬಿಡಬಾರದು.

ಪರದೆಹಿಂದೆ
ಯಾವ ಕ್ರಮದಾಗರ ನೋಡ್ರಿ, 1984ರದ್ದು ಬಿಡಬ್ಯಾಡ್ರಿ. ನೋಡಿದ ಮ್ಯಾಲೆ ಮಾಸ್ತ್ರೊಯಾನಿ ಬಗ್ಗೆ ಬ್ಯಾರೇನ ಒಂದು ಚರ್ಚೆ ತಗೀರಿ, ಅಲ್ಲಿ ಭಾಳ ಮಾತಾಡೋದೈತಿ.